ಅಂಗೈಯಲ್ಲಿದ್ದವನು

ನಮ್ಮ ಪ್ರಯೋಗಾಲಯದಲ್ಲಿ ದಿನ ಶುರುವಾಗುವುದು ಜೀವಕೋಶಗಳಿಗೆ ಊಟ ಹಾಕುವುದರಿಂದ. ಅವು ಹಬ್ಬ ಹುಣ್ಣಿಮೆ ಕೇಳುವುದಿಲ್ಲ, ಭಾನುವಾರ ಕೇಳುವುದಿಲ್ಲ. ಹೊತ್ತು ತಪ್ಪಿದರೆ ಮುನಿಸಿಕೊಂಡು ಸತ್ತೇ ಹೋಗುತ್ತವೆ. ಮೂವತ್ತೊಂದು ವರ್ಷ ನಾನು ಅವುಗಳಿಗೆ ಉಣಿಸಿದ್ದೇನೆ. ನಾನು ಇಂದುಮತಿ ದೇಸಾಯಿ, ಧಾರವಾಡದವಳು, ಮದುವೆಯಾಗದವಳು, ಸ್ವಲ್ಪ ಸಿಡುಕಿ. ನನ್ನ ತಟ್ಟೆಗಳಿಗೆ ಬೂಷ್ಟು ಹಿಡಿದದ್ದನ್ನು ಯಾರೂ ನೋಡಿಲ್ಲ. ನನ್ನ ಕೈಯಲ್ಲಿ ಒಬ್ಬರ ರಕ್ತ ಇನ್ನೊಬ್ಬರ ಟ್ಯೂಬಿಗೆ ಬೆರೆತದ್ದಿಲ್ಲ. ಈ ಸೊಕ್ಕಿನಿಂದ ಒಂದು ಜೀವ ಹೋಗುವುದರಲ್ಲಿತ್ತು. ಅದನ್ನೇ ಹೇಳಲು ಕುಳಿತಿದ್ದೇನೆ.

ಮೊದಲು ಸ್ವಲ್ಪ ಶಾಸ್ತ್ರ. ಬೇಸರ ಮಾಡಿಕೊಳ್ಳಬೇಡಿ, ಬೇಗ ಮುಗಿಸುತ್ತೇನೆ. ನಮ್ಮ ಮೈಯ ಪ್ರತಿಯೊಂದು ಜೀವಕೋಶವೂ ಹೊರಮೈಮೇಲೆ ಕೆಲವು ಅಣುಗಳನ್ನು ತೊಟ್ಟುಕೊಂಡಿರುತ್ತದೆ. ನಾನು ಇಂಥವರ ಪೈಕಿ ಎಂದು ತೋರಿಸುವ ಗುರುತು ಅದು. ರಕ್ತದಲ್ಲಿ ಪಹರೆ ತಿರುಗುವ ಬಿಳಿಕಣಗಳು ಎದುರಾದವರ ಗುರುತನ್ನು ಮುಟ್ಟಿ ನೋಡುತ್ತವೆ. ನಮ್ಮವರಾದರೆ ದಾರಿ ಬಿಡುತ್ತವೆ, ಹೊರಗಿನವರಾದರೆ ಜಗಳ ತೆಗೆಯುತ್ತವೆ. ಒಂದೇ ಒಂದು ಗುರುತಿಗೆ ಹೋಗಿ ಅಂಟಿಕೊಳ್ಳುವ ಪುಟ್ಟ ವಸ್ತುವಿಗೆ ಪ್ರತಿಕಾಯ ಎನ್ನುತ್ತಾರೆ. ಇಲಿಯ ಗುಲ್ಮದಿಂದ ಪ್ರತಿಕಾಯ ತಯಾರಿಸುವ ಒಂದು ಕೋಶವನ್ನು ತೆಗೆದು, ಸಾವೇ ಗೊತ್ತಿಲ್ಲದ ಕ್ಯಾನ್ಸರ್ ಕೋಶವೊಂದರ ಜೊತೆ ಬೆಸೆದರೆ ಹುಟ್ಟುವ ಸಂತಾನ ಸಾಯುವುದಿಲ್ಲ. ಅದೊಂದೇ ಪ್ರತಿಕಾಯವನ್ನು ವರ್ಷಗಟ್ಟಲೆ ಸುರಿಸುತ್ತ ಕೂರುತ್ತದೆ. ಮೋನೋಕ್ಲೋನಲ್ ಪ್ರತಿಕಾಯ ಎಂದರೆ ಇಷ್ಟೇ.

ಇದು ಹಳೆಯ ವಿದ್ಯೆ. ನಮ್ಮ ಡಾಕ್ಟರ್ ನದಾಫ ಅದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಒಬ್ಬನೇ ಒಬ್ಬ ಮನುಷ್ಯನನ್ನು ಗುರುತು ಹಿಡಿಯುವ ಪ್ರತಿಕಾಯ ಮಾಡಿದರು. ಲಕ್ಷ ಜನರ ರಕ್ತ ಬೆರೆಸಿಟ್ಟರೂ ಅದು ತನ್ನವನೊಬ್ಬನ ಕಣಗಳನ್ನು ಹುಡುಕಿಕೊಂಡು ಹೋಗಿ ಅಂಟಿ, ಹಸಿರಾಗಿ ಬೆಳಗುತ್ತದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗಾಗಿ ಮಾಡಿದ್ದು. ಒಬ್ಬ ತಾಯಿಗೆ ಬೇಕಾಗುತ್ತದೆಂದು ನಾವು ಯಾರೂ ಎಣಿಸಿರಲಿಲ್ಲ.

ಪ್ರಯೋಗಾಲಯದ ಹಿಂದಿನ ಓಣಿಯಲ್ಲಿ ಬಸಲಿಂಗವ್ವನ ಖಾನಾವಳಿ. ಹತ್ತೊಂಬತ್ತು ವರ್ಷದಿಂದ ಮಧ್ಯಾಹ್ನದ ಊಟಕ್ಕೆ ನಾನು ಅಲ್ಲಿಗೇ ಹೋಗುವುದು. ಆಕೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೇ ಕೇಳಿಸುತ್ತಿತ್ತು. ದಿನಾ ಬೆಳಿಗ್ಗೆ ಒಲೆ ಹೊತ್ತಿದ ಕೂಡಲೇ ಮೊದಲು ಅಂಗೈಯಗಲದ ಒಂದು ಪುಟ್ಟ ರೊಟ್ಟಿ ಬಡಿದು, ಹಿತ್ತಾಳೆ ತಾಟಿನಲ್ಲಿಟ್ಟು, ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಅದು ತೀರಿಹೋದ ಮಗ ಗುರುಸಿದ್ಧನ ಪಾಲು. ಮಧ್ಯಾಹ್ನದ ಮೇಲೆ ಅದು ಆಕಳಿಗೆ ಹೋಗುತ್ತಿತ್ತು. ಮಗಳು ದಾಕ್ಷಾಯಣಿ ಐದು ವರ್ಷದವಳಿದ್ದಾಗ ಹಸಿವು ತಾಳದೆ ಆ ರೊಟ್ಟಿ ತಿಂದು ತಾಯಿಯ ಕೈಲಿ ಏಟು ತಿಂದಿದ್ದಳಂತೆ. ಗುರುಸಿದ್ಧ ಹೋದ ಎರಡು ವರ್ಷಕ್ಕೆ ಹುಟ್ಟಿದವಳು ಅವಳು. ಅಣ್ಣನ ಮುಖ ಕಂಡವಳಲ್ಲ. ಆ ಏಟನ್ನು ಮಾತ್ರ ಇಪ್ಪತ್ತಾರನೇ ವಯಸ್ಸಿನಲ್ಲೂ ಮರೆತಿರಲಿಲ್ಲ.

ಆ ವರ್ಷ ಯುಗಾದಿಯ ಹೊತ್ತಿಗೆ ರೊಟ್ಟಿಯ ಸಪ್ಪಳ ತಪ್ಪತೊಡಗಿತು.

"ಬಾಯಾರ, ಕೈ ನನ್ನ ಮಾತು ಕೇಳವಲ್ವು ನೋಡ್ರಿ," ಎಂದು ಬಸಲಿಂಗವ್ವ ಅಂಗೈ ಚಾಚಿದಳು. ಬೆರಳುಗಳು ಅರ್ಧ ಮಡಚಿ ನಿಂತಿದ್ದವು. ಚರ್ಮ ಗಟ್ಟಿಯಾಗಿ, ಒಣಗಿದ ತೊಗಲಿನ ಹಾಗೆ ಮಿರಮಿರ ಮಿಂಚುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅವತ್ತೇ ಅವಳನ್ನು ಎಳೆದುಕೊಂಡು ಹೋಗಿ ಡಾಕ್ಟರ್ ನದಾಫರ ಮುಂದೆ ಕೂರಿಸಿದೆ. ಅವರು ಬೆರಳಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದರು. ನಾಲ್ಕನೇ ದಿನ ತಾಯಿ ಮಗಳಿಬ್ಬರನ್ನೂ ಕರೆಸಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಕೇಳಿದರು.

"ಅವ್ವಾರ, ನಿಮಗ ಗಂಡುಮಗು ಇತ್ತೇನ್ರಿ?"

"ಇತ್ತು," ಎಂದಳು ಬಸಲಿಂಗವ್ವ. "ಏಳು ವರ್ಷದಾಂವ ಇದ್ದ. ಜ್ವರ ಬಂದು ನಾಕು ದಿನದಾಗ ಹೋದ. ಇಪ್ಪತ್ತೆಂಟು ವರ್ಷ ಆತು."

"ಪೂರ್ತಿ ಹೋಗಿಲ್ರಿ. ಇನ್ನೂ ನಿಮ್ಮ ಮೈಯಾಗ ಇದ್ದಾನ."

ಅವಳ ಬೆರಳಿನ ಚರ್ಮದಲ್ಲಿ ಗಂಡುಕೋಶಗಳು ಸಿಕ್ಕಿದ್ದವು. ಹೊಟ್ಟೆಯಲ್ಲಿರುವ ಕೂಸಿನ ಕೆಲವು ಕೋಶಗಳು ಕೂಸಿಗೂ ತಾಯಿಗೂ ನಡುವಿನ ಮಾಸು ದಾಟಿ ತಾಯಿಯ ರಕ್ತಕ್ಕೆ ಇಳಿಯುತ್ತವೆ. ಇದು ಎಲ್ಲ ತಾಯಂದಿರಲ್ಲೂ ನಡೆಯುವುದೇ. ಹೆರಿಗೆಯಾದ ಮೇಲೂ ಅವು ವಾಪಸು ಹೋಗುವುದಿಲ್ಲ. ಎಲ್ಲೋ ಒಂದು ಕಡೆ ನೆಲೆ ನಿಂತು ವರ್ಷಗಟ್ಟಲೆ ಬಾಳುತ್ತವೆ. ಡಾಕ್ಟರು ಇದನ್ನು ಹೇಳುತ್ತಿದ್ದಾಗ ಬಸಲಿಂಗವ್ವ ಸೆರಗಿನ ತುದಿ ಹಿಡಿಯಲು ಹೋದಳು, ಬೆರಳು ಬಾಗಲಿಲ್ಲ.

ಆಮೇಲಿನ ಕೆಲಸ, ಆ ಹುಡುಗನೊಬ್ಬನನ್ನೇ ಗುರುತು ಹಿಡಿಯುವ ಪ್ರತಿಕಾಯ ಬೆಳೆಸುವುದು, ನನ್ನದು. ಆಕೆಯ ರಕ್ತದಿಂದ ಗುರುಸಿದ್ಧನ ಕೋಶಗಳನ್ನು ಒಂದೊಂದಾಗಿ ಆರಿಸಿದೆ. ಬೇಸಿಗೆಯ ಉದ್ದಕ್ಕೂ ನೂರಾರು ಗುಳಿಗಳ ತಟ್ಟೆಗಳಲ್ಲಿ ಬೆಸೆದ ಕೋಶಗಳನ್ನು ಬೆಳೆಸಿದೆ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿ ಮಲಗಿದಾಗ ನಾನು ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿರುತ್ತಿದ್ದೆ. ಹಸಿರು ಚುಕ್ಕೆಗಳು ಕರಿಯ ನೀರಿನಲ್ಲಿ ನಿಧಾನವಾಗಿ ಹೊರಳುತ್ತಿದ್ದವು. ನೋಡುತ್ತ ನೋಡುತ್ತ ನನಗೆ ಕೂತಲ್ಲೇ ಕನಸು ಬೀಳತೊಡಗಿತು. ಕೆಂಪು ಓಣಿಯೊಂದರಲ್ಲಿ ಚಡ್ಡಿ ಹಾಕಿದ ಹುಡುಗ ಅಂಗೈಯಗಲದ ರೊಟ್ಟಿ ಹಿಡಿದುಕೊಂಡು, ಮನೆಮನೆಯ ಬಾಗಿಲು ತಟ್ಟುತ್ತ, "ಇದು ಯಾರ ಮನಿರಿ?" ಎಂದು ಕೇಳುತ್ತ ಹೋಗುತ್ತಿದ್ದ. ಮಕ್ಕಳ ಗೋಜಿಲ್ಲದ ನಾನು ಕಣ್ಣುಬಿಟ್ಟು ಸುತ್ತಮುತ್ತ ಹುಡುಕುವ ಹಾಗಾಗುತ್ತಿತ್ತು.

ಪ್ರತಿಕಾಯ ಸಿದ್ಧವಾಯಿತು. ಅದು ಕಂಡಕಂಡಲ್ಲಿ ಅಂಟುವ ಗಿರಾಕಿಯಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಬೇರೆಯವರ ರಕ್ತದ ಮೇಲೂ ಅದನ್ನು ಹಾಕಿ ನೋಡಬೇಕು. ಅಲ್ಲಿ ಪೂರ್ತಿ ಕತ್ತಲಿರಬೇಕು. ನಮ್ಮಲ್ಲಿ ಇದಕ್ಕೊಂದು ರೂಢಿ. ರೋಗಿಯ ಜೊತೆಗೆ ಬಂದವರಿಂದ ಒಂದು ಟ್ಯೂಬು ರಕ್ತ ಕೇಳಿ ಪಡೆಯುತ್ತೇವೆ. ರೋಗಿಯದಕ್ಕೆ ಕೆಂಪು ಮುಚ್ಚಳ, ಜೊತೆಯವರದಕ್ಕೆ ನೀಲಿ. ನೀಲಿ ಮುಚ್ಚಳದ ರಕ್ತ ಕೆಟ್ಟಿದ್ದರೆ ಚೆಲ್ಲಿ ಬೇರೆ ತೆಗೆಯುತ್ತೇವೆ. ವರದಿಯಲ್ಲಿ ಅದರ ಸುದ್ದಿ ಎತ್ತುವುದಿಲ್ಲ. ದಾಕ್ಷಿ ತೋಳು ಚಾಚಿದಳು, ನಾನು ನೀಲಿ ಮುಚ್ಚಳ ಹಾಕಿದೆ.

ನೀಲಿ ಮುಚ್ಚಳದಲ್ಲಿ ಬೆಳಕಿತ್ತು.

ಬಹಳವೇನಲ್ಲ, ಲಕ್ಷ ಕಣಕ್ಕೆ ನಾಲ್ಕೋ ಐದೋ. ತಾಯಿಯ ರಕ್ತ ಹೇಗೋ ಇದಕ್ಕೆ ತಗಲಿದೆ ಎಂದುಕೊಂಡೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ! ಮೈಯೆಲ್ಲ ಉರಿಯಿತು. ಪ್ರಯೋಗದ ಪುಸ್ತಕದಲ್ಲಿ 'ಕಲಬೆರಕೆ' ಎಂದು ಗೀಚಿ ಚೆಲ್ಲಿದೆ. ದಾಕ್ಷಿಯಿಂದ ಇನ್ನೊಂದು ಟ್ಯೂಬು ತೆಗೆದೆ. ಮತ್ತೆ ಬೆಳಕು. ಮೇಜು, ಪಿಪೆಟ್ಟು, ಕಪಾಟು ಎಲ್ಲ ತೊಳೆದು ಮೂರನೆಯದು ತೆಗೆದೆ. ಮತ್ತೆ ಅದೇ ಬೆಳಕು, ಪುಸ್ತಕದಲ್ಲಿ ಮತ್ತೆ ಅದೇ ಮಾತು. ಕಡೆಗೆ ನನ್ನ ರಕ್ತವನ್ನೇ ನೀಲಿ ಮುಚ್ಚಳದ ಟ್ಯೂಬಿಗೆ ಹಾಕಿ ನೋಡಿದೆ. ಪೂರ್ತಿ ಕತ್ತಲು. ಅದನ್ನೇ ವರದಿಗೆ ಬರೆದು ಸಹಿ ಮಾಡಿದೆ. ಡಾಕ್ಟರಿಗೆ ಹೇಳಲಿಲ್ಲ. ಇಂದುಮತಿ ದೇಸಾಯಿಯ ಕೈ ಕೆಟ್ಟಿತು ಎಂದು ನನ್ನ ಬಾಯಿಂದಲೇ ಹೇಳುವುದೇ?

ಮೃಗಶಿರಾ ಮಳೆ ಶುರುವಾದ ವಾರ ಬಸಲಿಂಗವ್ವನಿಗೆ ಹಸಿರು ದೀಪ ಹೊತ್ತ ಪ್ರತಿಕಾಯ ಚುಚ್ಚಿ ಕತ್ತಲೆ ಕೋಣೆಯಲ್ಲಿ ಮಲಗಿಸಿದೆವು. ಮೇಲೆ ಮೈಯೊಳಗಿನ ಬೆಳಕನ್ನು ಹಿಡಿಯುವ ಕ್ಯಾಮೆರಾ, ಪಕ್ಕದಲ್ಲಿ ದೊಡ್ಡ ಪರದೆ. ಪರದೆಯ ಮೇಲೆ ಹೆಂಗಸಿನ ಆಕಾರ ಮಸುಕಾಗಿ ಮೂಡಿತು. ಮೊದಲು ಎದೆಯ ಹತ್ತಿರ ಎರಡು ಚುಕ್ಕೆ. ಕೊರಳಲ್ಲಿ ಒಂದು. ಆಮೇಲೆ ಒಂದರ ಹಿಂದೊಂದು, ಸಾವಕಾಶವಾಗಿ, ಎರಡೂ ಅಂಗೈಗಳು, ಹತ್ತೂ ಬೆರಳುಗಳು ಹಸಿರಾಗಿ ಹೊತ್ತಿಕೊಂಡವು.

ಬಸಲಿಂಗವ್ವ ಕೈ ಎತ್ತಿದಳು. ಪರದೆಯಲ್ಲಿ ದೀಪಗಳೂ ಎದ್ದವು. ಇಳಿಸಿದಳು, ಇಳಿದವು.

"ಗುರ್ಯಾ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ದಿನ ನಾ ರೊಟ್ಟಿ ಬಡಿಯುಮುಂದ ಅಂವ ಇಲ್ಲೇ ಇದ್ನೇನ್ರಿ ಬಾಯಾರ?" ಎಂದು ಕೇಳಿದಳು. ನಾನು ಹೂಂಗುಟ್ಟಿದೆ.

ಡಾಕ್ಟರು ಉಳಿದದ್ದನ್ನೂ ಹೇಳಲೇಬೇಕಿತ್ತು. "ಅವ್ವಾರ, ನಿಮ್ಮ ರಕ್ತದಾಗಿನ ಕಾವಲುಗಾರರು ಇಷ್ಟು ವರ್ಷ ಸುಮ್ನಿದ್ರು. ಈಗ ಇಂವ ನಮ್ಮಾಂವಲ್ಲ ಅಂತ ಜಗಳಕ್ಕ ನಿಂತಾರ. ಆ ಜಗಳಕ್ಕ ಚರ್ಮ ಗಟ್ಟಿ ಆಗಾಕತ್ತೈತಿ. ಶ್ವಾಸಕೋಶಕ್ಕೂ ಹತ್ತೈತಿ. ಅದಕ್ಕ ಔಷಧ ಐತ್ರಿ. ಇದೇ ಪ್ರತಿಕಾಯ, ದೀಪದ ಬದಲಿಗೆ ಒಂದು ಹನಿ ವಿಷ ಹೊತ್ಕೊಂಡು ಹೋಗತೈತಿ. ಮೂರು ಸಲ ಕೊಟ್ರ ಸಾಕು, ಕೈ ಮೆತ್ತಗ ಆಗತಾವ, ಉಸಿರು ಸರಾಗ ಆಗತೈತಿ."

"ಇಂವ?" ಎಂದು ಆಕೆ ಪರದೆಯ ಕಡೆ ಕೈ ತೋರಿಸಿದಳು.

"ಇರೂದಿಲ್ರಿ. ಒಂದೂ ಉಳಿಯೂದಿಲ್ಲ."

ಬಸಲಿಂಗವ್ವ ಎದ್ದು ಕೂತಳು. "ಹಂಗಾದ್ರ ಬ್ಯಾಡ್ರಿ. ಒಮ್ಮೆ ಮಣ್ಣು ಮಾಡೇನಿ. ಎರಡನೇ ಸಲ ನನ್ನ ಕೈಲೆ ಆಗಂಗಿಲ್ಲ."

ಡಾಕ್ಟರು ಹೇಳಿ ನೋಡಿದರು, ನಾನು ಬೈದು ನೋಡಿದೆ. ಆಕೆ ಜಗ್ಗಲಿಲ್ಲ. ಔಷಧ ತಗೊಳ್ಳದಿದ್ದರೆ ಮುಂದಿನ ಯುಗಾದಿ ಕಾಣುವುದು ಕಷ್ಟ ಎಂದು ಡಾಕ್ಟರು ದಾಕ್ಷಿಯನ್ನು ಹೊರಗೆ ಕರೆದು ಹೇಳಿದರು.

ಮರುದಿನ ಊಟಕ್ಕೆ ಹೋದಾಗ ಖಾನಾವಳಿಯಲ್ಲಿ ತಾಯಿ ಮಗಳ ನಡುವೆ ಮಾತಿರಲಿಲ್ಲ. ರೊಟ್ಟಿ ದಾಕ್ಷಿ ಬಡಿಯುತ್ತಿದ್ದಳು, ಸಿಟ್ಟಿನಲ್ಲಿ, ಅಂಚು ಹರಿಯುವ ಹಾಗೆ. ಬಸಲಿಂಗವ್ವ ಗೋಡೆಗೊರಗಿ ಕೂತು ತನ್ನ ಅಂಗೈಗಳನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ದುಃಖ ಕಾಣಲಿಲ್ಲ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡವಳಂತೆ ಮೆಲ್ಲಗೆ ತೂಗುತ್ತಿದ್ದಳು.

ಕಡೆಗೆ ದಾಕ್ಷಿಯ ಸಿಟ್ಟಿನ ಕಟ್ಟೆ ಒಡೆಯಿತು. "ಯವ್ವಾ, ಅಂವ ಹೋಗಿ ಇಪ್ಪತ್ತೆಂಟು ವರ್ಷ ಆತು. ನಾ ಇನ್ನೂ ಇಲ್ಲೇ ಅದೇನಿ. ಒಂದು ಸಲರ ನನ್ನ ಮಾರಿ ನೋಡೀ ಏನಬೇ? ಅವನ ಸಲುವಾಗಿ ನೀ ಸತ್ರ ನಾ ಯಾರ ಮುಂದ ಕೂಡ್ಲಿ?"

"ನಿನಗ ತಿಳಿಯಂಗಿಲ್ಲ, ದಾಕ್ಷಿ."

"ಹೌದಬೇ, ನನಗೇನು ತಿಳಿಯಂಗಿಲ್ಲ. ನಾ ಆ ಗೂಡಿನಾಗಿನ ರೊಟ್ಟಿ ತಿಂದಾಕಿ." ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಅವಳು ಹಿತ್ತಲಿಗೆ ಹೋದಳು. ಊಟಕ್ಕೆ ಕೂತಿದ್ದ ನಾಲ್ಕು ಮಂದಿ ತಟ್ಟೆ ನೋಡುತ್ತ ಉಂಡೆವು.

ನನಗೆ ಅವತ್ತಿನಿಂದ ಕನಸು ಬೀಳುವುದು ನಿಂತಿತು. ಕಣ್ಣು ಮುಚ್ಚಿದರೆ ಬರೀ ಕೆಂಪು ಓಣಿ. ಹುಡುಗ ಇಲ್ಲ.

ಎರಡು ವಾರ ಕಳೆದಿರಬೇಕು. ಒಂದು ದಿನ ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದೆ. ದಾಕ್ಷಿ ಮೊಸರಿಗೆ ಹೆಪ್ಪು ಹಾಕುತ್ತಿದ್ದಳು. ಮಣ್ಣಿನ ಗಡಿಗೆಯಲ್ಲಿ ನಿನ್ನೆಯ ಮೊಸರು ಖಾಲಿಯಾಗಿತ್ತು. ಅದನ್ನು ತೊಳೆಯದೆ, ಹಾಗೇ ಉಗುರುಬೆಚ್ಚಗಿನ ಹಾಲು ಸುರಿದಳು. ನನ್ನ ಜೀವ ಚುರ್ರೆಂದಿತು. ಮೂವತ್ತೊಂದು ವರ್ಷ ಟ್ಯೂಬು ತೊಳೆದವಳು ನಾನು.

"ಏ ಹುಡುಗಿ, ಗಡಿಗಿ ತೊಳೀಬಾರದೇನು? ನಿನ್ನಿ ಮೊಸರು ಬಳದದ್ದು ಅಂಟಿಕೊಂಡದಲ್ಲ!"

ದಾಕ್ಷಿ ನಕ್ಕಳು. ಆ ದಿನಗಳಲ್ಲಿ ಅವಳು ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ. "ತೊಳದ್ರ ಹೆಪ್ಪು ಎಲ್ಲಿಂದ ತರಲ್ರಿ ಬಾಯಾರ? ನಿನ್ನಿದು ಅಂಟಿಕೊಂಡು ಕುಂತಿರತೈತಿ, ಇವತ್ತಿನ ಹಾಲಿಗೆ ಅದೇ ಇಳೀತೈತಿ. ನಮ್ಮವ್ವ ಈ ಗಡಿಗಿ ಮದುವಿ ಆಗಿ ಬಂದಾಗಿಂದ ತಿಕ್ಕಿ ತೊಳದಿಲ್ಲ."

ಕೈಗೆ ಹಾಕಿಕೊಂಡ ನೀರು ಬೆರಳ ಸಂದಿಯಿಂದ ಸೋರಿಹೋಯಿತು. ನಾನು ಗಡಿಗೆಯನ್ನು ನೋಡಿದೆ, ದಾಕ್ಷಿಯನ್ನು ನೋಡಿದೆ. ಅಣ್ಣ ಇದ್ದು ಹೋದ ಅದೇ ಬಸಿರಿನಲ್ಲಿ ಇವಳೂ ಒಂಬತ್ತು ತಿಂಗಳು ಇದ್ದವಳು. ತಾಯಿಯ ರಕ್ತದಲ್ಲಿ ಅವನ ಕೋಶಗಳು ಆಗಲೂ ತಿರುಗುತ್ತಲೇ ಇದ್ದವು. ಮಾಸು ಒಂದೇ ದಿಕ್ಕಿನ ದಾರಿಯಲ್ಲ.

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪ್ರಯೋಗಾಲಯಕ್ಕೆ ಓಡಿದೆ. ಐವತ್ತೇಳನೇ ವಯಸ್ಸಿನಲ್ಲಿ ಓಡುವುದು ನೋಡುವವರಿಗೆ ತಮಾಷೆಯೇ ಇರಬೇಕು. ಪುಸ್ತಕ ತೆಗೆದು, ಮೂರು ಸಲ ಬರೆದ 'ಕಲಬೆರಕೆ'ಯನ್ನು ಡಾಕ್ಟರ್ ನದಾಫರ ಮುಂದೆ ಹಿಡಿದೆ.

"ಡಾಕ್ಟರ್, ನಾನು ಮುಚ್ಚಿಟ್ಟೆ. ನೀಲಿ ಮುಚ್ಚಳ ಬೆಳಗಿತ್ತು. ಮೂರು ಸಲನೂ ಬೆಳಗಿತ್ತು. ನನ್ನ ಕೈ ಕೆಟ್ಟದ ಅಂದ್ಕೊಂಡೆ."

ಅವರು ಪುಟ ಓದಿದರು. ಕನ್ನಡಕ ತೆಗೆದರು. ಬೈಯುತ್ತಾರೆಂದು ಕಾದೆ. "ನಿಮ್ಮ ಕೈ ಎಂದೂ ಕೆಟ್ಟಿಲ್ರಿ ಬಾಯಾರ," ಎಂದರು. "ಅದನ್ನ ನೀವೇ ನಂಬಲಿಲ್ಲ ನೋಡ್ರಿ." ಬೈದಿದ್ದರೇ ಚೆನ್ನಾಗಿತ್ತು.

ಅವತ್ತೇ ಸಂಜೆಯೊಳಗೆ ದಾಕ್ಷಿಯ ಹೊಸ ರಕ್ತ ಬಂತು. ಆ ನಾಲ್ಕೈದು ಕಣಗಳನ್ನು ಆರಿಸಿ ಒಳಗಿನ ಡಿಎನ್‌ಎ ಬರಹ ಓದಿಸಿದೆವು. ಗಂಡುಕೋಶಗಳು. ಗುರುಸಿದ್ಧನವೇ.

ತಾಯಿ ಮಗಳಿಬ್ಬರನ್ನೂ ಕರೆಸಿದೆವು. ಈ ಸಲ ಅದೇ ದೀಪದ ಸೂಜಿ ಚುಚ್ಚಿಸಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿದ್ದು ದಾಕ್ಷಿ. ಯಾಕೆ ಮಲಗಿಸುತ್ತಿದ್ದೇವೆ ಎಂದು ಅವಳಿಗೆ ಹೇಳಿದ್ದೆವು, ಅವಳು ನಂಬಿರಲಿಲ್ಲ. ಬಸಲಿಂಗವ್ವ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದಳು. ಪರದೆ ಕತ್ತಲಾಗಿಯೇ ಇತ್ತು. ಆಮೇಲೆ ಭುಜದ ಹತ್ತಿರ ಒಂದು ಚುಕ್ಕೆ ಎಷ್ಟೋ ದೂರದಿಂದ ಬಂದ ಹಾಗೆ ಮೂಡಿತು. ಪಕ್ಕೆಯಲ್ಲಿ ಇನ್ನೊಂದು. ಎಡಗೆನ್ನೆಯಲ್ಲಿ ಒಂದು.

"ಇವು ಯಾರವ್ರಿ?" ಬಸಲಿಂಗವ್ವನ ದನಿ ಕೇಳಿಸದಷ್ಟು ಸಣ್ಣಗಿತ್ತು.

"ನಿಮ್ಮ ಮಗಂದು ಅವ್ವಾರ," ಎಂದರು ಡಾಕ್ಟರು. "ಈಕಿ ನಿಮ್ಮ ಹೊಟ್ಟ್ಯಾಗ ಇದ್ದಾಗ ಅಂವ ಈಕಿ ಕಡೆ ದಾಟ್ಯಾನ."

ಆಕೆ ತಟ್ಟನೆ ಹೆದರಿದಳು. "ಹಂಗಾದ್ರ ಈಕಿ ಕೈನೂ ಗಟ್ಟಿ ಆಗತಾವೇನ್ರಿ? ನನ್ನಂಗ ಆಗತಾಳೇನ್ರಿ ಈಕಿ?"

ಇಷ್ಟು ತಿಂಗಳಲ್ಲಿ ಅವಳು ಮಗಳ ಸಲುವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಮಲಗಿದ್ದ ದಾಕ್ಷಿ ತಲೆ ತಿರುಗಿಸಿ ತಾಯಿಯನ್ನು ನೋಡಿದಳು.

"ಇಲ್ರಿ," ಎಂದರು ಡಾಕ್ಟರು. "ನಮ್ಮವ್ರು ಯಾರು, ಹೊರಗಿನವ್ರು ಯಾರು ಅಂತ ರಕ್ತ ಕಲಿಯೂದು ಹೊಟ್ಟ್ಯಾಗ ಇದ್ದಾಗ. ಈಕಿ ರಕ್ತ ಅದನ್ನ ಕಲಿಯೂ ಮೊದಲೇ ಅಂವ ಬಂದು ಕುಂತಾನ. ಹಿಂಗಾಗಿ ಅಂವ ಮನಿಯವನೇ ಅಂತ ತಿಳಕೊಂಡಾಳ. ಈ ರಕ್ತದಾಗ ಅವಗ ಜಗಳ ಇಲ್ಲ."

ಅಣ್ಣನ ಮೇಲೆ ದಾಕ್ಷಿಗೆ ಜನ್ಮವಿಡೀ ಮುನಿಸು. ಅವಳ ರಕ್ತಕ್ಕೆ ಮಾತ್ರ ಅದು ಗೊತ್ತೇ ಇರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಅಳು ಬರುತ್ತದೆ, ನಾಚಿಕೆಯೇನಿಲ್ಲ.

ಬಸಲಿಂಗವ್ವ ಸ್ಟೂಲಿನಿಂದ ಎದ್ದಳು. ಪರದೆಯ ಕಡೆ ಹೋಗಲಿಲ್ಲ. ಮಂಚದ ಹತ್ತಿರ ಬಂದು, ಬಾಗದ ಆ ಬೆರಳುಗಳ ಹಿಂಬದಿಯಿಂದ ಮಗಳ ಎಡಗೆನ್ನೆ ಸವರಿದಳು. ಬಹಳ ಹೊತ್ತು ಸವರುತ್ತಲೇ ಇದ್ದಳು.

"ಐದು ವರ್ಷದಾಕಿ ಇದ್ದಿ," ಎಂದಳು ಬಸಲಿಂಗವ್ವ. "ಇದ ಗಲ್ಲಕ್ಕ ಹೊಡದಿದ್ದೆ."

"ಹೂಂ."

"ಬಾಳ ಬ್ಯಾನಿ ಆತೇನು?"

"ಆಗಿತ್ತು, ಯವ್ವಾ."

ಆಕೆ ನಮ್ಮ ಕಡೆ ತಿರುಗಿದಳು. "ಡಾಕ್ಟರ್ ಸಾಹೇಬರ, ನಾಳೆ ಸೂಜಿ ಹಾಕ್ರಿ."

ಆಷಾಢದಿಂದ ದೀಪಾವಳಿಯ ತನಕ ಮೂರು ಸಲ ಔಷಧ ಕೊಟ್ಟೆವು. ಪ್ರತಿ ಸಲದ ಮೇಲೂ ಪರದೆಯಲ್ಲಿ ಚುಕ್ಕೆಗಳು ಕಡಿಮೆಯಾಗುತ್ತ ಬಂದವು. ಕಡೆಯ ಸಲ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದೇ ಒಂದು ಉಳಿದಿತ್ತು. ಬಸಲಿಂಗವ್ವ ಅದನ್ನು ಆರುವ ತನಕ ನೋಡುತ್ತೇನೆ ಎಂದು ಹಟ ಹಿಡಿದಳು. ದಾಕ್ಷಿ ಪಕ್ಕದಲ್ಲಿ ಕೂತಿದ್ದಳು. ಮಧ್ಯಾಹ್ನ ಇಳಿಹೊತ್ತಿಗೆ ಅದು ಆರಿತು. ತಾಯಿ ಅತ್ತಳು, ಮಗಳೂ ಅತ್ತಳು. ಕಾಣದ ಅಣ್ಣನಿಗಾಗಿ ದಾಕ್ಷಿ ಅತ್ತದ್ದು ಅದೇ ಮೊದಲು ಎಂದು ಆಮೇಲೆ ನನಗೆ ಹೇಳಿದಳು.

ಬೆರಳು ಸಡಿಲಾಗಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಮತ್ತೆ ಯುಗಾದಿ ಬಂತು. ಅವತ್ತು ಕೋಶಗಳಿಗೆ ಊಟ ಹಾಕಿ ಬೆಳಿಗ್ಗೆಯೇ ಖಾನಾವಳಿಗೆ ಹೋದೆ. ಓಣಿಯ ತುದಿಯಲ್ಲಿದ್ದಾಗಲೇ ರೊಟ್ಟಿಯ ಸಪ್ಪಳ ಕೇಳಿತು. ಲಯ ಆಗಾಗ ತಪ್ಪುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ನಾನು ಅಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡೆ.

ಒಳಗೆ ಬಸಲಿಂಗವ್ವ ಒಲೆಯ ಮುಂದೆ ಕೂತಿದ್ದಳು. ಮೊದಲ ರೊಟ್ಟಿ, ಅಂಗೈಯಗಲದ್ದು, ಹೆಂಚಿನ ಮೇಲೆ ಉಬ್ಬಿತು. ಅದನ್ನು ತೆಗೆದು ಹಿತ್ತಾಳೆ ತಾಟಿನಲ್ಲಿಟ್ಟಳು. ಗೂಡಿನ ಕಡೆ ಏಳಲಿಲ್ಲ. ಎದುರಿಗೆ ಹಿಟ್ಟು ನಾದುತ್ತಿದ್ದ ದಾಕ್ಷಿಯ ಮುಂದೆ ತಾಟನ್ನು ಸರಿಸಿದಳು.

ದಾಕ್ಷಿಯ ಕೈ ನಿಂತಿತು. "ಇದು ಅಣ್ಣಂದಲ್ಲೇನಬೇ?"

"ಅವಗೇ ಹಾಕೇನಿ," ಎಂದಳು ಬಸಲಿಂಗವ್ವ. "ಬಿಸಿ ಐತಿ. ತಿನ್ನು."